ಲಾಯದಲ್ಲಿ ಉಳಿದ ಕುದುರೆ

ಮನುಷ್ಯನಿಗೆ ಮಾತುಂಟು. ಆದುದರಿಂದ ಮಾತಿಲ್ಲದ ಜೀವಕ್ಕೆ ದುಃಖವೂ ಇಲ್ಲವೆಂದು ಆತನು ಸುಲಭವಾಗಿ ನಂಬಿಬಿಡುತ್ತಾನೆ. ಕೊಟ್ಟಿಗೆಯಲ್ಲಿ ಒಂದು ಎತ್ತು ಸತ್ತರೆ ಇಷ್ಟು ಹಣ ಹೋಯಿತೆಂದು ಲೆಕ್ಕ ಹಾಕುವ ಗೃಹಸ್ಥನು, ಅದರ ಪಕ್ಕದ ಗೂಟಕ್ಕೆ ಕಟ್ಟಿದ ಜೊತೆಯ ಎತ್ತು ಆ ದಿನ ಮೇವಿಗೆ ಬಾಯಿ ಹಾಕಿತೇ ಎಂದು ತಿರುಗಿ ನೋಡುವುದು ಅಪರೂಪ. ನೋಡಿದವನಿಗೆ ಮಾತ್ರ ತಿಳಿಯುತ್ತದೆ. ಹತ್ತು ವರ್ಷ ಒಂದೇ ನೊಗಕ್ಕೆ ಹೆಗಲು ಕೊಟ್ಟ ಜೋಡಿಯಲ್ಲಿ ಒಂದು ಹೋದರೆ, ಉಳಿದದ್ದು ಬಾಗಿಲ ಕಡೆಗೆ ಮುಖ ಮಾಡಿ ಕೂಗುತ್ತದೆ. ಹೊಸ ಜೊತೆಯನ್ನು ತಂದು ಕಟ್ಟಿದರೆ ಮೊದಮೊದಲು ನೊಗವನ್ನೇ ಒಲ್ಲೆನೆನ್ನುತ್ತದೆ. ಒಕ್ಕಲುತನದ ಮನೆಗಳಲ್ಲಿ ಹಿರಿಯರು ಇದನ್ನು ಬಲ್ಲರು. ಬಲ್ಲವರೂ ಅದರಿಂದ ಏನನ್ನು ಕಲಿಯಬೇಕೆಂಬುದನ್ನು ಎಷ್ಟೋ ಸಲ ಯೋಚಿಸಿರುವುದಿಲ್ಲ.

ಈ ಪಾಠವನ್ನು ಕುದುರೆಯು ಇನ್ನೂ ಸ್ಪಷ್ಟವಾಗಿ ಹೇಳಿಕೊಡುತ್ತದೆ. ಕುದುರೆಯು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ; ಹಿಂಡಿನಲ್ಲಿ ಹುಟ್ಟಿ, ಹಿಂಡಿನಲ್ಲಿ ಮೇದು, ಹಿಂಡಿನ ಕಾವಲಿನಲ್ಲಿ ನಿದ್ರಿಸುವ ಪ್ರಾಣಿ. ಬಯಲಿನಲ್ಲಿ ಕೆಲವು ಮಲಗಿದಾಗ ಒಂದೆರಡು ಎಚ್ಚರದಿಂದ ನಿಂತಿರುವುದುಂಟು. ಹಿಂಡಿನೊಳಗೂ ಪ್ರತಿಯೊಂದು ಕುದುರೆಗೆ ತನಗೊಪ್ಪಿದ ಒಂದೆರಡು ಗೆಳೆಯರಿರುತ್ತವೆ. ಬೇಸಗೆಯಲ್ಲಿ ಅವು ಒಂದರ ತಲೆಯ ಬಳಿ ಇನ್ನೊಂದರ ಬಾಲ ಬರುವಂತೆ ಜೊತೆಯಾಗಿ ನಿಂತು, ಪರಸ್ಪರ ಮುಖದ ನೊಣಗಳನ್ನು ಬಾಲದಿಂದ ಓಡಿಸುತ್ತವೆ. ಕುತ್ತಿಗೆ ಮುಗಿದು ಬೆನ್ನು ಆರಂಭವಾಗುವ ಎಡೆಯನ್ನು ಒಂದು ಇನ್ನೊಂದರದು ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತದೆ. ಅಲ್ಲಿ ಕೆರೆದಾಗ ಕುದುರೆಯ ಎದೆಬಡಿತವು ನಿಧಾನವಾಗುವುದೆಂಬುದನ್ನು ಪ್ರಾಣಿಶಾಸ್ತ್ರಜ್ಞರು ಅಳೆದು 1993ರಲ್ಲಿ ಪ್ರಕಟಿಸಿದರು. ಗೆಳೆತನವು ಆ ಪ್ರಾಣಿಯ ಮೈಗೇ ಔಷಧವಾಗಿದೆಯೆಂದು ಇದರ ಅರ್ಥ.

ಇಂಥ ಜೊತೆಗಾರನು ಸತ್ತಾಗ ಉಳಿದ ಕುದುರೆಯ ನಡತೆಯೇ ಬದಲಾಗುತ್ತದೆ. ಅದು ಮತ್ತೆಮತ್ತೆ ಗಟ್ಟಿಯಾಗಿ ಕೆನೆಯುತ್ತದೆ. ಕೆನೆದು ಕಿವಿ ನಿಮಿರಿಸಿ ಉತ್ತರಕ್ಕಾಗಿ ಕಾಯುತ್ತದೆ. ಬೇಲಿಯ ಉದ್ದಕ್ಕೂ ಅತ್ತಿಂದಿತ್ತ ನಡೆದು ನೆಲವನ್ನು ಸವೆಸುತ್ತದೆ. ಕೆಲವು ಕುದುರೆಗಳು ಜೊತೆಗಾರನು ಬಿದ್ದ ಸ್ಥಳವನ್ನೇ ಹುಡುಕಿ ಬಂದು ನಿಲ್ಲುತ್ತವೆ. ಹುರುಳಿಯನ್ನು ಮುಂದಿಟ್ಟರೂ ಮೂಸಿ ಬಿಡುತ್ತವೆ. ತಲೆ ತಗ್ಗಿಸಿ ಮೂಲೆಯಲ್ಲಿ ನಿಂತುಬಿಡುತ್ತವೆ. ಶವದ ಬಳಿಗೆ ಬಿಟ್ಟರೆ ಮೂತಿಯಿಂದ ಮುಖವನ್ನೂ ಮೈಯನ್ನೂ ಮೂಸುತ್ತವೆ, ಮೆಲ್ಲಗೆ ದೂಡುತ್ತವೆ, ಏಳೆಂಬಂತೆ ಗೊರಸಿನಿಂದ ಕೆದಕುತ್ತವೆ. ತಾಯಿಕುದುರೆಯು ಸತ್ತ ಮರಿಯ ಬಳಿ ಬಹಳ ಹೊತ್ತು ನಿಂತು, ಹತ್ತಿರ ಬಂದ ಇತರ ಕುದುರೆಗಳನ್ನು ಓಡಿಸುವುದೂ ಉಂಟು. ಶವವನ್ನು ಮೂಸಿ ನೋಡಲು ಅವಕಾಶ ಸಿಕ್ಕ ಕುದುರೆಯು, ಜೊತೆಗಾರನು ಕಣ್ಣಿಗೆ ಕಾಣದಂತೆ ಒಮ್ಮೆಲೇ ಮಾಯವಾದ ಕುದುರೆಗಿಂತ ಬೇಗ ಶಾಂತವಾಗುತ್ತದೆಂದು ಅನುಭವಸ್ಥರಾದ ಕುದುರೆಯವರು ಹೇಳುತ್ತಾರೆ. ಆದುದರಿಂದ ಅವರು ಶವವನ್ನು ಕೂಡಲೇ ಸಾಗಿಸದೆ, ಉಳಿದ ಕುದುರೆಯನ್ನು ಸ್ವಲ್ಪ ಹೊತ್ತು ಅದರ ಬಳಿ ಬಿಡುತ್ತಾರೆ. ಆ ಮೇಲೆ ಅದನ್ನು ಒಂಟಿಯಾಗಿ ಕಟ್ಟುವುದಿಲ್ಲ. ಪರಿಚಿತವಾದ ಇನ್ನೊಂದು ಪ್ರಾಣಿಯ ಪಕ್ಕದಲ್ಲಿ ಇರಿಸುತ್ತಾರೆ. ಮೇವು ಬಿಟ್ಟ ಕುದುರೆಗೆ ಹೊಟ್ಟೆಶೂಲೆಯು ಪ್ರಾಣಾಪಾಯವನ್ನೇ ತರಬಹುದಾದುದರಿಂದ, ಒಂದು ದಿನ ತಿನ್ನದಿದ್ದರೂ ಪಶುವೈದ್ಯರನ್ನು ಕರೆಯಿಸುತ್ತಾರೆ.

ಎಲ್ಲ ಕುದುರೆಗಳೂ ಒಂದೇ ರೀತಿಯಾಗಿ ವರ್ತಿಸುವುದಿಲ್ಲವೆಂಬುದನ್ನೂ ಹೇಳಬೇಕು. ಕೆಲವು ಒಂದು ಗಳಿಗೆ ಮೂಸಿ ನೋಡಿ ಹುಲ್ಲಿಗೆ ತಿರುಗುತ್ತವೆ. ಕೆಲವಕ್ಕೆ ವಾರಗಳು ಬೇಕಾಗುತ್ತವೆ. ಮನುಷ್ಯನು ಮರಣವನ್ನು ಅರಿತಂತೆ ಕುದುರೆಯೂ ಅರಿಯುತ್ತದೆಯೆಂದು ಹೇಳುವುದು ದುಡುಕು. ಆದರೆ ನಿನ್ನೆ ಪಕ್ಕದಲ್ಲಿದ್ದ ಉಸಿರು ಇಂದು ಇಲ್ಲವೆಂಬುದನ್ನು ಅದು ಅರಿಯುತ್ತದೆ, ಅರಿತು ಅರಸುತ್ತದೆ. ಮನುಷ್ಯನ ಶೋಕವೂ ಅದರ ಎಲ್ಲ ಮಾತುಗಳನ್ನು ಕಳೆದರೆ ಉಳಿಯುವುದು ಇಷ್ಟೇ ಅಲ್ಲವೇ?

ಕುದುರೆಯ ಕಥೆಗೂ ಕಾರವಾರ ಅಂಕೋಲೆಗಳ ಕಡಲತಡಿಗೂ ಹಳೆಯ ನಂಟುಂಟು. ದಕ್ಷಿಣ ದೇಶದ ಹವೆಯಲ್ಲಿ ಒಳ್ಳೆಯ ಕುದುರೆಗಳು ಹುಟ್ಟಿ ಬೆಳೆಯುವುದು ಕಷ್ಟವಾದುದರಿಂದ, ವಿಜಯನಗರದ ಅರಸರು ಅರಬಸ್ಥಾನ ಪಾರಸಿಕ ದೇಶಗಳಿಂದ ಹಡಗಿನ ಮೇಲೆ ಅವುಗಳನ್ನು ತರಿಸುತ್ತಿದ್ದರು. ಭಟ್ಕಳ, ಹೊನ್ನಾವರ, ಗೋವೆಗಳು ಈ ವ್ಯಾಪಾರದ ದ್ವಾರಗಳಾಗಿದ್ದವು. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ವಿಜಯನಗರಕ್ಕೂ ಗೋವೆಯ ಪೋರ್ತುಗೀಜರಿಗೂ ಆದ ಒಪ್ಪಂದದಲ್ಲಿ, ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಸಲ್ಲಬೇಕೆಂದೂ, ವಿಜಯನಗರದ ಬಟ್ಟೆಬರೆಗಳು ಅಂಕೋಲೆ ಹೊನ್ನಾವರಗಳ ಬಂದರಿಗೆ ಬರಬೇಕೆಂದೂ ಬರೆಯಲಾಯಿತು. ಅಂಕೋಲೆಯ ಹೆಸರು ಹೀಗೆ ಕುದುರೆಯ ಹೆಸರಿನೊಡನೆ ಒಂದೇ ಪತ್ರದಲ್ಲಿ ಸೇರಿತು.

ಆ ವ್ಯಾಪಾರದ ಒಂದು ವಿವರವನ್ನು ಸುಮಾರು 1535ರಲ್ಲಿ ವಿಜಯನಗರದಲ್ಲಿದ್ದ ಫೆರ್ನಾವ್ ನೂನಿಜನೆಂಬ ಪೋರ್ತುಗೀಜ ಕುದುರೆವ್ಯಾಪಾರಿಯು ಬರೆದಿಟ್ಟಿದ್ದಾನೆ. ಅದಕ್ಕೆ ಅರ್ಧ ಶತಮಾನ ಮೊದಲು ಆಳಿದ ಸಾಳುವ ನರಸಿಂಹನಿಗೆ ಕುದುರೆಗಳ ಮೇಲೆ ಎಷ್ಟು ಆಸೆಯಿತ್ತೆಂದರೆ, ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಕುದುರೆಗೂ ಆತನು ಹಣ ಕೊಡುತ್ತಿದ್ದನಂತೆ. ಸತ್ತ ಕುದುರೆಯ ಬಾಲವನ್ನು ಕೊಯ್ದು ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯೇ ಅದಕ್ಕೆ ಸಲ್ಲುತ್ತಿತ್ತು. ಅರಸನ ಉದಾರತೆ ದೊಡ್ಡದೇ ಸರಿ. ಆದರೆ ಆ ಹಡಗಿನ ಒಳಗೆ ವಾರಗಟ್ಟಲೆ ಮೈಗೆ ಮೈ ತಾಗಿಸಿಕೊಂಡು ನಿಂತು ಬಂದ ಪಕ್ಕದ ಕುದುರೆಯನ್ನು ಯಾರು ವಿಚಾರಿಸಿದರು? ಸತ್ತದ್ದಕ್ಕೆ ಬಾಲದ ಲೆಕ್ಕವಿತ್ತು. ಉಳಿದದ್ದರ ಅಳಲಿಗೆ ಯಾವ ಲೆಕ್ಕವೂ ಇರಲಿಲ್ಲ. ಮನೆಮನೆಯಲ್ಲಿಯೂ ಹೀಗೆಯೇ ನಡೆಯುತ್ತದೆ. ಸತ್ತವರ ಆಸ್ತಿ, ಸಾಲ, ವಿಮೆ, ಹಂಚಿಕೆಗಳ ಲೆಕ್ಕವು ಬೇಗ ಆಗುತ್ತದೆ. ಉಳಿದವರನ್ನು ಕೇಳುವವರು ಇರುವುದಿಲ್ಲ.

ಅದೇ ಅಂಕೋಲೆ ತಾಲೂಕಿನಲ್ಲಿ 2024ರ ಜುಲೈ 16ರಂದು ಶಿರೂರಿನ ಬಳಿ ಗುಡ್ಡವು ಕುಸಿದು ಹೆದ್ದಾರಿಯನ್ನೂ ಗಂಗಾವಳಿ ನದಿಯ ದಡವನ್ನೂ ಮುಚ್ಚಿತು. ರಸ್ತೆಯ ಬದಿಯಲ್ಲಿ ಚಹದ ಅಂಗಡಿ ಇಟ್ಟುಕೊಂಡಿದ್ದ ಒಂದು ಕುಟುಂಬವು ಆ ಮಣ್ಣಿನಡಿಯಲ್ಲಿ ಹೋಯಿತು. ಅವರು ಅನ್ನವಿಕ್ಕಿ ಸಾಕಿದ ನಾಯಿಯು ಮಳೆಯಲ್ಲಿ ನೆನೆಯುತ್ತ ಆ ಮಣ್ಣಿನ ರಾಶಿಯ ಸುತ್ತಲೂ ಅಲೆಯುತ್ತಿದ್ದುದನ್ನು ಅಲ್ಲಿಗೆ ಹೋದವರು ಕಂಡರು. ನಾಡಿನ ಜನರು ಆ ಚಿತ್ರವನ್ನು ನೋಡಿ ಮರುಗಿದರು. ನಾಯಿಗೆ ಅದರ ಯಜಮಾನನೇ ಹಿಂಡು. ಹಿಂಡು ಹೋದಾಗ ಅದೂ ಕುದುರೆಯಂತೆ ಅರಸಿತು.

ಮೂಕಪ್ರಾಣಿಗಳ ಈ ಗುಣವನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಕಂಡಿದ್ದರು. ಬಸವಣ್ಣನವರು ದಯೆಯಿಲ್ಲದ ಧರ್ಮವನ್ನು ಧರ್ಮವೆಂದು ಒಪ್ಪಲಿಲ್ಲ. ಆ ದಯೆಯನ್ನು ಮನುಷ್ಯರಿಗೆ ಮಾತ್ರ ಮೀಸಲಿಡದೆ ಸಕಲ ಜೀವರಾಶಿಗೂ ಹರಡಿದರು. ಅವರು ಪ್ರಾಣಿಯನ್ನು ದಯೆಗೆ ಪಾತ್ರವೆಂದಷ್ಟೇ ನೋಡದೆ ಗುರುವಾಗಿಯೂ ನಿಲ್ಲಿಸಿದರು. ಕಾಗೆಯೂ ಕೋಳಿಯೂ ಸ್ವಲ್ಪ ಆಹಾರ ಕಂಡರೂ ತಮ್ಮವರನ್ನು ಕೂಗಿ ಕರೆಯುತ್ತವೆ. ಶಿವಭಕ್ತನೆನಿಸಿಕೊಂಡವನಲ್ಲಿ ಆ ಒಡನಾಟದ ಗುಣವಿಲ್ಲದಿದ್ದರೆ ಆತನು ಆ ಪಕ್ಷಿಗಳಿಗಿಂತ ಕೀಳೆಂಬುದು ಅವರ ಒಂದು ವಚನದ ಅಭಿಪ್ರಾಯ. ತುರುಗಾಹಿ ರಾಮಣ್ಣನವರು ದನ ಕಾಯುವ ಕಾಯಕದಲ್ಲಿಯೇ ಶರಣಪದವಿಯನ್ನು ಪಡೆದರು. ಮಂದೆಯ ಒಡನಾಟವೇ ಅವರ ವಚನಗಳಿಗೆ ಮಾತನ್ನು ಕೊಟ್ಟಿತು.

ಅಕ್ಕಮಹಾದೇವಿಯವರು ಇನ್ನೂ ಆಳಕ್ಕೆ ಇಳಿದರು. ಕಾಡಿನ ಆನೆಯೊಂದು ಸೆರೆಸಿಕ್ಕಿ ತನ್ನ ಬಳಗದಿಂದ ಬೇರೆಯಾಗಿ, ಹುಟ್ಟಿದ ಬೆಟ್ಟಸೀಮೆಯನ್ನು ಸ್ಮರಿಸುತ್ತ ನಿಂತ ಚಿತ್ರವನ್ನು ಅವರು ಕೊಡುತ್ತಾರೆ. ಪಂಜರಕ್ಕೆ ಬಿದ್ದ ಗಿಳಿಯು ತನ್ನವರಿಗಾಗಿ ಹಂಬಲಿಸುವುದನ್ನು ಅದರ ಜೊತೆಗೆ ಇಡುತ್ತಾರೆ. ತಾವು ಚೆನ್ನಮಲ್ಲಿಕಾರ್ಜುನನಿಗಾಗಿ ಹಂಬಲಿಸುವುದು ಅದೇ ರೀತಿಯದೆಂದು ಹೇಳುತ್ತಾರೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಪರಶಿವನನ್ನು ಅಗಲಿದ ಜೀವದ ವೇದನೆಯನ್ನು ತಿಳಿಸಲು, ವೈರಾಗ್ಯದ ಶಿಖರವನ್ನೇರಿದ ಆ ತಾಯಿಗೆ ದೊರೆತ ತಕ್ಕ ಹೋಲಿಕೆಯು ಹಿಂಡನ್ನು ಕಳೆದುಕೊಂಡ ಒಂದು ಪಶುವಿನ ವೇದನೆ. ಪ್ರಾಣಿಯ ಅಗಲಿಕೆಯನ್ನು ಹೀನವೆಂದು ಬಗೆದಿದ್ದರೆ ಅವರು ಅದನ್ನು ಭಕ್ತಿಯ ಪಕ್ಕದಲ್ಲಿ ಇಡುತ್ತಿರಲಿಲ್ಲ. ಅಗಲಿಕೆಯ ನೋವು ಎಲ್ಲ ಜೀವಗಳಲ್ಲಿಯೂ ಒಂದೇ ಬೇರಿನಿಂದ ಹುಟ್ಟುತ್ತದೆಂಬುದು ಅವರ ದರ್ಶನ.

ಇಲ್ಲಿ ಕೆಲವು ಭಕ್ತರಲ್ಲಿ ಒಂದು ಸಂಶಯವು ಏಳುತ್ತದೆ. ವೀರಶೈವರಿಗೆ ಮರಣವು ಅಳಿವಲ್ಲ, ಲಿಂಗೈಕ್ಯ. ಶರಣರು ಮರಣವನ್ನು ಹಬ್ಬದಂತೆ ಎದುರುಗೊಂಡರು. ಹೀಗಿರುವಾಗ ಸತ್ತವರಿಗಾಗಿ ಅಳುವುದು ಭಕ್ತಿಯ ಕೊರತೆಯಲ್ಲವೇ? ಈ ಮಾತು ಕೇವಲ ಚರ್ಚೆಯಲ್ಲಿ ಉಳಿಯುವುದಿಲ್ಲ. ಮನೆಯ ಒಳಗೆ ಬಂದು ಕೂರುತ್ತದೆ. ನಲವತ್ತು ವರ್ಷ ಸಂಸಾರ ಮಾಡಿದ ಯಜಮಾನನನ್ನು ಸಮಾಧಿಯಲ್ಲಿ ಕುಳ್ಳಿರಿಸಿ ಬಂದ ದಿನವೇ, ಮೂಲೆಯಲ್ಲಿ ಕುಳಿತ ಆ ತಾಯಿಗೆ ಬಂದವರೆಲ್ಲರೂ ಹೇಳುತ್ತಾರೆ: “ಅಳಬೇಡವ್ವಾ, ಅವರು ಲಿಂಗದಲ್ಲಿ ಬೆರೆತರು, ಪುಣ್ಯವಂತರು.” ಮಾತು ನಿಜ. ಆದರೆ ಆ ಮಾತನ್ನು ಹೇಳಿ ಅವರು ಎದ್ದು ಹೋಗುತ್ತಾರೆ. ಆಕೆಯು ಅತ್ತರೆ ಅಪರಾಧವೆಂಬಂತೆ ಸೆರಗನ್ನು ಬಾಯಿಗಿಟ್ಟುಕೊಂಡು ಕುಳಿತುಬಿಡುತ್ತಾಳೆ.

ಶರಣರು ಮರಣಕ್ಕೆ ಅಂಜದೆ ನಿಂತುದು ತಮ್ಮ ತಮ್ಮ ಮರಣದ ಎದುರಿಗೆ. ಇನ್ನೊಬ್ಬರ ಮನೆಯ ಮರಣದ ಎದುರಿಗೆ ಅವರು ಕಲ್ಲಾಗಿ ನಿಲ್ಲಲಿಲ್ಲ. ತನ್ನ ಮರಣಕ್ಕೆ ಅಂಜದಿರುವುದು ಧೈರ್ಯ. ನೆರೆಯವರ ಅಗಲಿಕೆಗೆ ಮರುಗದಿರುವುದು ಬರಡುತನ. ಲಿಂಗೈಕ್ಯರಾದವರ ವಿಷಯದಲ್ಲಿ ಶೋಕಕ್ಕೆ ಕಾರಣವಿಲ್ಲದಿರಬಹುದು. ಉಳಿದವರ ವಿಷಯದಲ್ಲಿ ಕಾರಣವಿದೆ. ನಿನ್ನೆಯವರೆಗೆ ಪಕ್ಕದಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದವರ ಸ್ಥಳವು ಇಂದು ಬರಿದಾಗಿದೆ. ಬರಿದಾದ ಸ್ಥಳವನ್ನು ಕುದುರೆಯೂ ಮೂಸಿ ನೋಡುತ್ತದೆ. ಮನುಷ್ಯಳಾದ ಆ ತಾಯಿಯು ನೋಡಬಾರದೇ?

ಹಾಗೆಂದು ಶೋಕದಲ್ಲಿಯೇ ಮುಳುಗಿರಬೇಕೆಂದು ಶರಣಧರ್ಮವು ಹೇಳುವುದಿಲ್ಲ, ಕುದುರೆಯೂ ಹೇಳುವುದಿಲ್ಲ. ಅದು ಕೆನೆಯುತ್ತದೆ, ಅರಸುತ್ತದೆ, ಕೆಲವು ದಿನ ಮೇವನ್ನು ಒಲ್ಲೆನೆನ್ನುತ್ತದೆ. ಅನಂತರ ಹಿಂಡಿನ ಇನ್ನೊಂದು ಕುದುರೆಯ ಪಕ್ಕಕ್ಕೆ ಹೋಗಿ ನಿಂತು ಮೇಯತೊಡಗುತ್ತದೆ. ಅದನ್ನು ಮೇವಿಗೆ ಮರಳಿಸಿದ್ದು ಉಪದೇಶವಲ್ಲ, ಪಕ್ಕದಲ್ಲಿ ನಿಂತ ಇನ್ನೊಂದು ಮೈಯ ಬಿಸುಪು. ಹಿಂಡಿಲ್ಲದೆ ಒಂಟಿಯಾಗಿ ಕಟ್ಟಿದ ಕುದುರೆಗೆ ಆ ಮರಳುವಿಕೆಯು ಕಷ್ಟ. ದುಃಖದಿಂದ ಏಳುವ ಶಕ್ತಿಯು ದುಃಖಿಯೊಬ್ಬನದೇ ಅಲ್ಲ, ಹಿಂಡಿನದೂ ಹೌದು.

ಈಗ ಸೂತಕದ ಮಾತನ್ನು ಆಡಬೇಕು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳು ಇಷ್ಟಲಿಂಗಧಾರಿಗೆ ಇಲ್ಲವೆಂದು ವೀರಶೈವ ಧರ್ಮವು ಸಾರಿತು. ಇದನ್ನು ಅನೇಕರು ಒಂದು ರಿಯಾಯಿತಿಯೆಂದು ತಿಳಿದಿದ್ದಾರೆ: ಇಷ್ಟು ದಿನ ಪೂಜೆ ಬಿಡಬೇಕಾಗಿಲ್ಲ, ಇಷ್ಟು ದಿನ ಮುಟ್ಟಬಾರದೆಂಬ ಕಟ್ಟಳೆಯಿಲ್ಲ, ಅಷ್ಟೇ. ಆದರೆ ಇದು ರಿಯಾಯಿತಿಯಲ್ಲ, ಕರ್ತವ್ಯ. ಮರಣವು ಮೈಲಿಗೆಯಲ್ಲವೆಂದ ಮೇಲೆ, ಮರಣವಾದ ಮನೆಯಿಂದ ದೂರ ನಿಲ್ಲಲು ಭಕ್ತನಿಗೆ ಯಾವ ನೆವವೂ ಉಳಿಯಲಿಲ್ಲ. ಆ ಮನೆಯ ನೀರು ಕುಡಿಯಬಹುದು, ಆ ಮನೆಯವರ ಪಕ್ಕದಲ್ಲಿ ಕುಳಿತು ಉಣ್ಣಬಹುದು, ಅವರ ಕಣ್ಣೀರನ್ನು ಕೈಯಿಂದ ಒರೆಸಬಹುದು. ಮಾಡಬಹುದಾದುದರಿಂದಲೇ ಮಾಡಬೇಕು. ಕುದುರೆಗೆ ಸೂತಕವಿಲ್ಲ, ಅದು ಸತ್ತ ಜೊತೆಗಾರನ ಬಳಿಗೆ ಅಂಜದೆ ಹೋಗಿ ಮುಖಕ್ಕೆ ಮುಖ ತಾಗಿಸುತ್ತದೆ. ಶಾಸ್ತ್ರವಿಲ್ಲದ ಪ್ರಾಣಿಗೆ ಸಹಜವಾದದ್ದು ಶಾಸ್ತ್ರವೇ ಬಿಡುಗಡೆ ಕೊಟ್ಟ ಭಕ್ತನಿಗೆ ಅಸಾಧ್ಯವಾದರೆ ಅದು ನಾಚಿಕೆಗೇಡು.

ಆದರೂ ಸೂತಕವು ಬಾಗಿಲಿನಿಂದ ಹೊರಗೆ ಹೋಗಿ ಕಿಟಕಿಯಿಂದ ಒಳಗೆ ಬಂದಿದೆ. ಲಿಂಗವಂತರ ಮನೆಗಳಲ್ಲಿಯೂ ಪತಿಯನ್ನು ಕಳೆದುಕೊಂಡ ತಾಯಿಯನ್ನು ಮೊಮ್ಮಗಳ ಮದುವೆಯ ಹಂದರದಲ್ಲಿ ಹಿಂದಕ್ಕೆ ಕುಳ್ಳಿರಿಸುತ್ತಾರೆ. ಆರತಿಯ ತಟ್ಟೆಯನ್ನು ಆಕೆಯ ಕೈಗೆ ಕೊಡಲು ಹಿಂಜರಿಯುತ್ತಾರೆ. ಪ್ರಯಾಣಕ್ಕೆ ಹೊರಟಾಗ ಆಕೆ ಎದುರಿಗೆ ಬಂದರೆ ನಿಲ್ಲುತ್ತಾರೆ. ಆಕೆಯ ಕೊರಳಿನ ಇಷ್ಟಲಿಂಗವು ನಿನ್ನೆ ಇದ್ದಂತೆಯೇ ಇಂದೂ ಇದೆ. ಹಣೆಯ ವಿಭೂತಿಯು ಹಾಗೆಯೇ ಇದೆ. ಲಿಂಗವಿದ್ದಲ್ಲಿ ಅಮಂಗಲವೆಲ್ಲಿಯದು? ಜೊತೆಗಾರನನ್ನು ಕಳೆದುಕೊಂಡ ಕುದುರೆಯನ್ನು ಹಿಂಡಿನಿಂದ ಹೊರಗೆ ಕಟ್ಟುವ ಕುದುರೆಯವನನ್ನು ಎಲ್ಲರೂ ಮೂರ್ಖನೆನ್ನುತ್ತಾರೆ. ಮನೆಯ ತಾಯಿಯನ್ನು ಮನೆಯ ಸಂತೋಷದಿಂದ ಹೊರಗೆ ಕಟ್ಟುವವನನ್ನು ಏನೆನ್ನಬೇಕು?

ಹಿಂಡು ಹೇಗೆ ನಡೆಯಬೇಕೆಂಬುದಕ್ಕೆ ದೂರದ ಉದಾಹರಣೆ ಬೇಡ. ಕಾರವಾರ ಅಂಕೋಲೆಗಳಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ, ಕಡಲಿನಿಂದ ಘಟ್ಟವನ್ನು ಹತ್ತಿದರೆ ಜೊಯಿಡಾ ತಾಲೂಕಿನ ದಟ್ಟ ಅರಣ್ಯದಲ್ಲಿ ಉಳವಿ ಕ್ಷೇತ್ರವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದಾಗ, ಚೆನ್ನಬಸವಣ್ಣನವರೂ ಅವರ ತಾಯಿ ಅಕ್ಕನಾಗಮ್ಮನವರೂ ಶರಣರ ಒಂದು ಗುಂಪನ್ನು ಕರೆದುಕೊಂಡು, ವಚನದ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿದ ಸೈನ್ಯವನ್ನು ಎದುರಿಸುತ್ತ ಪಶ್ಚಿಮಕ್ಕೆ ನಡೆದರೆಂದು ಪರಂಪರೆಯು ಹೇಳುತ್ತದೆ. ಬಸವಣ್ಣನವರು ಆಗ ಅವರೊಡನೆ ಇರಲಿಲ್ಲ. ದಾರಿಯುದ್ದಕ್ಕೂ ಆ ಹಿಂಡು ತನ್ನವರನ್ನು ಕಳೆದುಕೊಂಡಿತು. ಡೋಹರ ಕಕ್ಕಯ್ಯನವರ ಐಕ್ಯಸ್ಥಳವು ಕಕ್ಕೇರಿಯಲ್ಲಿದೆ. ಗಂಗಾಂಬಿಕೆಯವರದು ಮಲಪ್ರಭೆಯ ಮಡಿಲಲ್ಲಿ, ಎಂ.ಕೆ. ಹುಬ್ಬಳ್ಳಿಯ ಬಳಿ ಇದೆ. ಕಡೆಗೆ ಉಳವಿಯಲ್ಲಿ ಚೆನ್ನಬಸವಣ್ಣನವರೂ ಲಿಂಗೈಕ್ಯರಾದರು.

ಆ ಶರಣರು ಒಬ್ಬೊಬ್ಬರನ್ನು ಕಳೆದುಕೊಂಡಾಗಲೂ ದುಃಖಿಸದೆ ಹೋಗಿರಲಾರರು. ಆದರೆ ಯಾರನ್ನೂ ಒಂಟಿಯಾಗಿ ಬಿಟ್ಟು ಹೋಗಲಿಲ್ಲ. ಒಟ್ಟಾಗಿ ನಿಂತರು, ಸಮಾಧಿ ಮಾಡಿದರು, ಒಟ್ಟಾಗಿಯೇ ಮುಂದೆ ನಡೆದರು. ಇಂದಿಗೂ ಮಾಘಮಾಸದ ಭಾರತ ಹುಣ್ಣಿಮೆಗೆ ಉಳವಿಯ ಜಾತ್ರೆಗೆ ಬೆಳಗಾವಿ ಧಾರವಾಡದ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಸಾಲಾಗಿ ಬರುತ್ತಾರೆ. ಒಂದು ಚಕ್ಕಡಿಯ ಅಚ್ಚು ಮುರಿದರೆ ಹಿಂದಿನ ಚಕ್ಕಡಿ ದಾಟಿ ಹೋಗುವುದಿಲ್ಲ. ಆ ಸಾಲು ಯಾವ ಪಾಠವನ್ನು ನೆನಪಿಸುತ್ತಿದೆಯೆಂಬುದನ್ನು ಜಾತ್ರೆಗೆ ಹೋದವರು ಮನೆಗೆ ಮರಳಿದ ಮೇಲೂ ಮರೆಯಬಾರದು.

ಆದುದರಿಂದ ಸದ್ಭಕ್ತರು ಎರಡು ವಿಷಯಗಳಲ್ಲಿ ಎಚ್ಚರದಿಂದಿರಬೇಕು. ಮೊದಲನೆಯದು ಮನೆಯ ಪಶುಗಳ ವಿಷಯ. ಎತ್ತಾಗಲಿ, ಎಮ್ಮೆಯಾಗಲಿ, ಕುದುರೆಯಾಗಲಿ ಸತ್ತಾಗ, ಅದರ ಜೊತೆಗಾರನಿಗೆ ಒಂದು ಗಳಿಗೆ ಮೂಸಿ ನೋಡಲು ಬಿಡಬೇಕು. ಸಾಂಕ್ರಾಮಿಕ ರೋಗದಿಂದ ಸತ್ತಿದ್ದರೆ ಮಾತ್ರ ಪಶುವೈದ್ಯರ ಮಾತಿನಂತೆ ದೂರವಿಡಬೇಕು. ಉಳಿದ ಪ್ರಾಣಿಯನ್ನು ಒಂಟಿಯಾಗಿ ಕಟ್ಟಬಾರದು. ಅದು ಮೇವು ತಿಂದಿತೇ, ನೀರು ಕುಡಿಯಿತೇ ಎಂದು ಮನೆಯ ಯಜಮಾನನೇ ನೋಡಬೇಕು. ಮರುದಿನವೇ ನೊಗಕ್ಕೆ ಹೂಡಿ, ಒಲ್ಲೆನೆಂದರೆ ಬಾರುಕೋಲಿನಿಂದ ಹೊಡೆಯಬಾರದು. ದಿನವೂ ಬೆಳಗ್ಗೆ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸುವ ಕೈಯೇ ಬಾರುಕೋಲನ್ನೂ ಹಿಡಿಯುತ್ತದೆಂಬುದನ್ನು ಆತನು ನೆನೆಯಬೇಕು.

ಎರಡನೆಯದು ಮನುಷ್ಯರ ವಿಷಯ. ಮರಣವಾದ ಮನೆಗೆ ಮೊದಲನೆಯ ದಿನ ಊರೆಲ್ಲ ಬರುತ್ತದೆ. ಹದಿನೈದನೆಯ ದಿನ ಯಾರೂ ಇರುವುದಿಲ್ಲ. ಭಕ್ತನು ಹದಿನೈದನೆಯ ದಿನ ಹೋಗಬೇಕು. ಹೋಗಿ ಉಪದೇಶ ಮಾಡಬೇಕಾಗಿಲ್ಲ. ಪಕ್ಕದಲ್ಲಿ ಕುಳಿತರೆ ಸಾಕು. ಆ ಮನೆಯ ಒಲೆ ಉರಿಯಿತೇ ಎಂದು ನೋಡಿ, ಉರಿಯದಿದ್ದರೆ ತನ್ನ ಮನೆಯ ರೊಟ್ಟಿಯನ್ನು ಒಯ್ಯಬೇಕು. ಲಿಂಗೈಕ್ಯರಾದವರ ಹೆಸರನ್ನು ಎತ್ತಿದರೆ ದುಃಖವಾಗುವುದೆಂದು ಹೆದರದೆ, ಅವರ ಹೆಸರನ್ನು ಎತ್ತಿ ಮಾತನಾಡಬೇಕು. ಕುದುರೆಯು ಜೊತೆಗಾರನ ವಾಸನೆಯನ್ನು ಅರಸುವಂತೆ ಉಳಿದವರು ಆ ಹೆಸರನ್ನು ಕೇಳಲು ಕಾಯುತ್ತಿರುತ್ತಾರೆ. ಮಠದ ದಾಸೋಹಕ್ಕೆ ಚೀಲಗಟ್ಟಲೆ ಅಕ್ಕಿ ಕೊಡುವುದು ಪುಣ್ಯವೇ ಸರಿ. ಆದರೆ ನೆರೆಮನೆಯ ಶೋಕದ ಮುಂದೆ ಒಂದು ಸಂಜೆಯನ್ನು ಕೊಡುವುದು ಅದಕ್ಕಿಂತ ಕಿರಿದಾದ ದಾಸೋಹವಲ್ಲ.

ಲಾಯದಲ್ಲಿ ಉಳಿದ ಕುದುರೆಯು ರಾತ್ರಿ ಕತ್ತಲೆಯಲ್ಲಿ ಕೆನೆದು ಕಿವಿ ನಿಮಿರಿಸಿ ಕಾಯುತ್ತದೆ. ಹೋದ ಜೊತೆಗಾರನು ಉತ್ತರ ಕೊಡಲಾರನು. ಆದರೆ ಪಕ್ಕದ ಲಾಯದ ಇನ್ನೊಂದು ಕುದುರೆ ಉತ್ತರ ಕೊಟ್ಟರೆ ಅದರ ಮೈನಡುಕ ಸ್ವಲ್ಪ ಕಡಿಮೆಯಾಗುತ್ತದೆ. ಊರಿನಲ್ಲಿ ಯಾವ ಮನೆಯಲ್ಲಿ ಯಾರು ಹೀಗೆ ಕಾಯುತ್ತಿದ್ದಾರೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಅರಿಯಲಿ. ಉತ್ತರ ಕೊಡುವ ಜೀವವು ತಾನಾಗಲಿ. ಪರಶಿವನು ಎಲ್ಲರಿಗೂ ಅಂಥ ಕಿವಿಯನ್ನೂ ಅಂಥ ಹೃದಯವನ್ನೂ ಕರುಣಿಸಲಿ.